ಬಾಗಿಲಿನ ಗಾಡಿ, ಪರದೆಯ ಗಾಡಿ

ಆಲ್ಮೆರೆ
೮ ಫೆಬ್ರವರಿ ೧೯೯೮

ರುಕ್ಕು,

ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ. ಕೇಳಿದರೆ "ಇದ್ದೀನಮ್ಮ, ಗುಂಡುಕಲ್ಲಿನ ಹಾಗೆ" ಅಂತ ಶುರುಮಾಡಿ ಅದರಲ್ಲೇ ಅರ್ಧ ಪುಟ ಮುಗಿಸುತ್ತೀಯ. ಈ ಸಲ ನನಗೆ ಪೂರ್ತಿ ಪುಟ ಬೇಕು. ಒಂದು ವಿಷಯದಲ್ಲಿ ನಿನ್ನ ತೀರ್ಮಾನ ಬೇಕು, ಅದೂ ಬೇಗ.

ನಾವು ಕ್ಯಾರವಾನ್ ಕೊಳ್ಳುತ್ತಿದ್ದೇವೆ. ನಗಬೇಡ. ನಮ್ಮ ಕಡೆ ಪ್ರೆಶರ್ ಕುಕ್ಕರ್ ಹೇಗೋ ಇಲ್ಲಿಯ ಡಚ್ಚರಿಗೆ ಅದು ಹಾಗೆ, ಇಲ್ಲದ ಮನೆಯಿಲ್ಲ. ಜುಲೈ ಬಂತೆಂದರೆ ನಮ್ಮ ಬೀದಿಯವರೆಲ್ಲ ಕಾರಿನ ಹಿಂದೆ ಒಂದೊಂದು ಮನೆ ಸಿಕ್ಕಿಸಿಕೊಂಡು, ಆಲೂಗಡ್ಡೆ ಚೀಲವನ್ನೂ ಹೇರಿಕೊಂಡು ಫ್ರಾನ್ಸಿಗೆ ಹೊರಟುಬಿಡುತ್ತಾರೆ. ಹೋಗುವ ಮುಂಚೆ ಒಬ್ಬೊಬ್ಬರೂ ಬಂದು ನನ್ನ ಕೈಯಲ್ಲಿ ಬೀಗದ ಕೈ ಇಟ್ಟು, ಗಿಡಕ್ಕೆ ನೀರು ಹಾಕಿ, ಬೆಕ್ಕಿಗೆ ಊಟ ಹಾಕಿ ಅನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಇಡೀ ಬೀದಿಯ ಬೀಗದ ಕೈಗಳು ನನ್ನ ಅಡುಗೆಮನೆಯಲ್ಲಿ ನೇತಾಡುತ್ತಿದ್ದವು. ಸಂಜೆ ನೀರು ಹಿಡಿದುಕೊಂಡು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡುವಾಗ ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಈ ವರ್ಷ ಹಾಗಾಗಕೂಡದು ಅಂತ ನಿರ್ಧರಿಸಿದ್ದೇನೆ. ಇವರೂ ಒಪ್ಪಿದ್ದಾರೆ.

ಲೆಲಿಸ್ಟಾಡ್‌ಗೆ ಹೋಗುವ ದಾರಿಯಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಒಂದು ಅಂಗಡಿ ಇದೆ. ಅಲ್ಲಿರುವುದು ಅಮೆರಿಕದ ಮಾದರಿಯ ದೊಡ್ಡ ಗಾಡಿಗಳು, ಫಿಫ್ತ್ ವೀಲ್ ಅನ್ನುತ್ತಾರೆ. ಕಾರಿನ ಬಾಲಕ್ಕೆ ಸಿಕ್ಕಿಸುವ ಗಾಡಿಯಲ್ಲ ಅದು. ಮುಂಭಾಗ ಎತ್ತರದಲ್ಲಿ ಚಾಚಿಕೊಂಡು ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ. ಆ ಎತ್ತರದಲ್ಲಿ ಮಲಗುವ ಜಾಗ. ಮೂರು ಮೆಟ್ಟಿಲು ಇಳಿದರೆ ಒಲೆ, ಮೇಜು, ಬಚ್ಚಲು. ನಮಗೆ ಟ್ರಕ್ಕು ಬೇಕಿಲ್ಲ. ಅಂಗಡಿಯವರೇ ಎಳೆದು ತಂದು ಇಲ್ಲಿ ಕೆರೆಯ ಪಕ್ಕ, ಕ್ಯಾಂಪಿಂಗ್ ಅಂತ ಇಂಥ ಗಾಡಿಗಳಿಗೇ ಇರುವ ಮೈದಾನದಲ್ಲಿ ನಿಲ್ಲಿಸಿಹೋಗುತ್ತಾರೆ, ಅಕ್ಟೋಬರ್ ತನಕ ಅಲ್ಲೇ ಇರುತ್ತದೆ. ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರಬಹುದು.

ಎರಡು ಗಾಡಿ ಮನಸ್ಸಿಗೆ ಬಂದಿವೆ. ಒಂದು ಹೊಸದು, ಬಹಳ ದುಬಾರಿ. ಮೇಲಿನ ಕೋಣೆಗೆ ನಿಜವಾದ ಮರದ ಬಾಗಿಲಿದೆ, ಚಿಲಕವೂ ಇದೆ. ಕೆಳಗೆ ಹಿಂಭಾಗದಲ್ಲಿ ಇನ್ನೊಬ್ಬರಿಗೆ ಬೇರೆ ಮಂಚ, ಸುತ್ತಲೂ ಕಿಟಕಿ. ಇನ್ನೊಂದು ಹಳೆಯದು, ಅದರ ಅರ್ಧ ಬೆಲೆಯೂ ಇಲ್ಲ. ಮೇಲೊಂದು ಮಂಚ, ಕೆಳಗೊಂದು ಸೋಫಾ, ನಡುವೆ ಒಂದು ಪರದೆ ಎಳೆದುಕೊಂಡರಾಯಿತು. ಇಬ್ಬರಿಗಾದರೆ ಹಳೆಯದೇ ಧಾರಾಳ. ಮೂರನೆಯವರು ಬರುವುದಾದರೆ ದೊಡ್ಡದು ಬೇಕು.

ಆ ಮೂರನೆಯವಳು ನೀನು. ನಾವು ಈ ದೇಶಕ್ಕೆ ಬಂದಾಗಿನಿಂದ ಕರೆಯುತ್ತಿದ್ದೇನೆ, ನನ್ನ ಕಾಟಕ್ಕೆ ಪಾಸ್‌ಪೋರ್ಟ್ ಮಾಡಿಸಿ ಟ್ರಂಕಿನಲ್ಲಿಟ್ಟಿದ್ದೀಯ. ಮೇ ತಿಂಗಳ ರಜಕ್ಕೆ ಬಾ. ನೀನು ಹೂಂ ಅಂದರೆ ಬಾಗಿಲಿನ ಗಾಡಿ, ಊಹೂಂ ಅಂದರೆ ಪರದೆಯ ಗಾಡಿ. ಹೂಂ ಅನ್ನು ರುಕ್ಕು.

ಪದ್ದು

ಮೈಸೂರು
೧ ಮಾರ್ಚ್ ೧೯೯೮

ಪದ್ದು,

ಹೇಳಿದ ಹಾಗೆಯೇ ಇದ್ದೀನಮ್ಮ, ಗುಂಡುಕಲ್ಲು.

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿ ಒಬ್ಬಳೇ ನಕ್ಕೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಒಬ್ಬಳೇ ನಗುವುದು ಒಳ್ಳೆಯ ಲಕ್ಷಣವಲ್ಲ, ಆದ್ದರಿಂದ ಮಿಕ್ಕದ್ದನ್ನು ಮನೆಗೆ ತಂದು ಓದಿದೆ. ಅಲ್ಲ ಕಣೆ, ಗಾಡಿ ಅನ್ನುತ್ತೀಯ, ಅದು ನಿಂತಲ್ಲೇ ನಿಂತಿರುತ್ತದೆ ಅನ್ನುತ್ತೀಯ. ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರ ಅಂತಲೂ ಅನ್ನುತ್ತೀಯ. ಕದಲದ ಗಾಡಿಗೆ ಇರುವ ಚಕ್ರವೇ ಹೆಚ್ಚಾಯಿತು, ಅದರ ಮೇಲೆ ಐದನೆಯದು ಬೇರೆ! ಸುಮ್ಮನೆ ಹಳೆಯದನ್ನು ತೊಗೊ. ಹೊಸದರ ಬಾಗಿಲಿಗೆ ಹಾಕುವ ದುಡ್ಡಿನಲ್ಲಿ ನೀವಿಬ್ಬರೂ ಒಂದು ಸಲ ಇಲ್ಲಿಗೆ ಬಂದುಹೋಗಬಹುದು.

ನನಗೆ ಈ ವರ್ಷ ಆಗುವುದಿಲ್ಲ. ಏಪ್ರಿಲ್ ಪೂರ್ತಿ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವುದಿದೆ, ಅದು ಮೇ ತನಕ ಎಳೆಯುತ್ತದೆ. ಮಂಡಿ ಬೇರೆ ಹಿಡಿದುಕೊಂಡಿದೆ. ನಿಮ್ಮ ಥಂಡಿ ಅದಕ್ಕೆ ಆಗಿಬರುವುದಿಲ್ಲ. ಫೋನ್ ಮಾಡಿ ಗದರಿಸಬೇಡ. ಫೋನಿರುವುದು ಕೆಳಗೆ ಹಾಲಿನಲ್ಲಿ, ಅತ್ತಿಗೆ ಅಲ್ಲೇ ತರಕಾರಿ ಹೆಚ್ಚುತ್ತ ಕೂತಿರುತ್ತಾರೆ. ನಾನು ಹಾಂ, ಹೂಂ, ಸರಿ ಅನ್ನುವುದು ಬಿಟ್ಟರೆ ಏನೂ ಮಾತಾಡಲಾರೆ.

ಅರವಿಂದರು ಏನಂತಾರೆ? ಅಷ್ಟುದ್ದ ಕಾಗದದಲ್ಲಿ ಅವರದ್ದೊಂದು ಮಾತಿಲ್ಲ. ನೀನೇ ಮಾತಾಡಿ ಅವರ ಬಾಯಿ ಮುಚ್ಚಿಸಿದ್ದೀಯ. ಅವರಿಗೆ ನನ್ನ ನಮಸ್ಕಾರ ತಿಳಿಸು.

ರುಕ್ಮಿಣಿ

ಆಲ್ಮೆರೆ
೨೦ ಮಾರ್ಚ್ ೧೯೯೮

ರುಕ್ಕು,

ಇವರ ಮಾತಿಲ್ಲ ಅಂದೆಯಲ್ಲ, ತೊಗೊ. ನಿನ್ನ ಕಾಗದ ಓದಿ ಹೇಳಿದೆ. ಇವರು ಪೇಪರ್ ಮಡಿಸಿಟ್ಟು, "ದೊಡ್ಡದೇ ತೊಗೊಳ್ಳೋಣ ಕಣೆ, ರುಕ್ಮಿಣಿಯವರಿಗೆ ಸಂಕೋಚ ಆಗಬಾರದು" ಅಂದರು. ಸಾಕಾ?

ಮೊನ್ನೆ ಮತ್ತೆ ಅಂಗಡಿಗೆ ಹೋಗಿದ್ದೆ. ಲೈಬ್ರರಿಯಲ್ಲಿ ನನಗೆ ಅರ್ಧ ದಿನದ ಕೆಲಸ, ಮುಗಿದ ಮೇಲೆ ಬಸ್ಸಿನಲ್ಲಿ ಹೋದೆ. ದುಬಾರಿ ಗಾಡಿಯಲ್ಲಿ ನಿನ್ನ ಮಂಚದ ಮೇಲೆ ಮಲಗಿ ನೋಡಿದೆ. ಅಂಗಡಿಯಾತನ ಹೆಂಡತಿ ಕೊರೀ ಅಂತ, ದಪ್ಪಗೆ ನಗುನಗುತ್ತಾ ಇರುತ್ತಾಳೆ. ಅವಳನ್ನು ಮೇಲಿನ ಕೋಣೆಗೆ ಕಳಿಸಿ, ಬಾಗಿಲು ಹಾಕಿಕೊಂಡು ಗೊರಕೆ ಹೊಡೆಯಿರಿ ಅಂದೆ. ಪಾಪ, ಹೊಡೆದಳು. ನನಗೆ ಏನೇನೂ ಕೇಳಿಸಲಿಲ್ಲ. ಈಚೆ ಬಂದು, "ನಿಮ್ಮ ಯಜಮಾನರನ್ನೂ ಒಂದು ದಿನ ಕರ್ಕೊಂಡು ಬನ್ನಿ, ಮೇಲಿನ ಮಂಚ ಅವರ ಉದ್ದಕ್ಕೆ ಸಾಕಾಗುತ್ತಾ ನೋಡ್ಬೇಕಲ್ಲ" ಅಂದಳು. ಇವರಿಗೆ ಈಗ ಆಫೀಸಿನಲ್ಲಿ ಬಿಡುವೇ ಇಲ್ಲ. ಕಂಪ್ಯೂಟರುಗಳಿಗೆ ಎರಡು ಸಾವಿರದ ಇಸವಿ ಬರುವಾಗ ಏನೋ ಆಗುತ್ತದಂತೆ, ಅದೇ ಗಲಾಟೆ.

ಅವಳು ಕಾಫಿ ತರಲು ಹೋದ ಮೇಲೂ ನಾನು ಮಲಗೇ ಇದ್ದೆ. ಕಿಟಕಿಯಲ್ಲಿ ಬರೀ ಆಕಾಶ ಕಾಣುತ್ತದೆ. ಈ ದೇಶದಲ್ಲಿ ಬೇರೆ ಏನಿದೆ, ನೆಲ ಚಪ್ಪಟೆ, ಮಿಕ್ಕಿದ್ದೆಲ್ಲ ಆಕಾಶ. ನೀನು ಅಲ್ಲಿ ಮಲಗಿ ನನ್ನನ್ನು ಬೈಯುತ್ತಿರುವ ಹಾಗೆ ಅನ್ನಿಸಿ ಬಹಳ ಹಿತವಾಯಿತು.

ಪೇಪರ್ ತಿದ್ದುವುದನ್ನು ಬೇರೆಯವರಿಗೆ ಕೊಡು. ಮಂಡಿಗೆ ಇಲ್ಲಿ ಒಳ್ಳೆಯ ಮುಲಾಮಿದೆ. ಏಪ್ರಿಲ್ ಮುಗಿಯುವ ತನಕ ಎರಡನ್ನೂ ಯಾರಿಗೂ ಮಾರುವುದಿಲ್ಲ ಅಂತ ಕೊರೀ ಮಾತು ಕೊಟ್ಟಿದ್ದಾಳೆ.

ಪದ್ದು

ಮೈಸೂರು
೮ ಏಪ್ರಿಲ್ ೧೯೯೮

ಪದ್ದು,

ಬಾಗಿಲು, ಚಿಲಕ, ಗೊರಕೆ ಅಂತ ಇಷ್ಟೆಲ್ಲ ಪರೀಕ್ಷೆ ಮಾಡಿದ್ದೀಯ. ಇನ್ನು ನಾನು ಮಂಡಿಯ ಕತೆ ಹೇಳುತ್ತ ಕೂತರೆ ಚೆನ್ನಾಗಿರುವುದಿಲ್ಲ. ನಿಜ ಹೇಳಿಬಿಡುತ್ತೇನೆ.

ಮದುವೆಯಾಗದ ಹೆಂಗಸು ನಾನು. ನಿನ್ನ ಗಂಡ ಮಲಗಿರುವ ಗಾಡಿಯಲ್ಲಿ ನಾನು ಹೇಗೆ ಮಲಗಲಿ? ಅರವಿಂದರು ದೇವರಂಥವರು, ಅದಲ್ಲ ಮಾತು. ಬೆಳಿಗ್ಗೆ ಎದ್ದು ಕೆದರಿದ ತಲೆಯಲ್ಲಿ ಅವರೆದುರು ಬಚ್ಚಲಿಗೆ ಹೋಗಬೇಕು. ಅವರು ಸ್ನಾನ ಮಾಡುವ ನೀರಿನ ಸದ್ದು ಕೇಳುತ್ತ ನಾನು ಕಾಫಿ ಕುಡಿಯಬೇಕು. ಬಾಗಿಲು ಎಷ್ಟು ದಪ್ಪವಾದರೂ ಅದೇ. ನೀವು ಜಯಲಕ್ಷ್ಮೀಪುರದಲ್ಲಿದ್ದಾಗ ಹೊತ್ತಾಯಿತು ಇಲ್ಲೇ ಇರು ಅಂತ ನೀನು ಎಷ್ಟು ಸಲ ಹೇಳಿಲ್ಲ, ಒಂದು ರಾತ್ರಿಯಾದರೂ ಉಳಿದೆನಾ? ಅವರು ಸ್ಕೂಟರಿನಲ್ಲಿ ಬಿಡ್ತೀನಿ ಅಂದರೂ ಆಟೋ ಹತ್ತಿದವಳು ನಾನು.

ಇನ್ನೊಂದು ಇದೆ. ಅಣ್ಣನ ಮನೆಯಲ್ಲಿ ನನ್ನದು ಮಹಡಿ ಮೇಲಿನ ಕೋಣೆ. ಊಟ ಆದ ಮೇಲೆ ಕೆಳಗೆ ಅಣ್ಣ ಅತ್ತಿಗೆ ಮಾತಾಡಿಕೊಂಡು ನಗುವುದು ಕೇಳಿಸುತ್ತದೆ. ಕೇಳಿಸಿಕೊಂಡಂತೆ ಆಗಬಾರದೆಂದು ರೇಡಿಯೋ ಹಾಕುತ್ತೇನೆ. ನೀರು ಬೇಕಾದರೂ ಇಳಿದುಹೋಗುವುದಿಲ್ಲ. ಗಂಡ ಹೆಂಡತಿ ಇರುವ ಕಡೆ ಸದ್ದಿಲ್ಲದೆ ಇರುವುದು ನನಗೆ ಇಲ್ಲೇ ಸಾಕಾಗಿಹೋಗಿದೆ. ರಜದಲ್ಲೂ ಅದನ್ನೇ ಮಾಡುವುದಕ್ಕೆ ವಿಮಾನ ಹತ್ತಬೇಕಾ?

ಬೇಜಾರು ಮಾಡಿಕೊಳ್ಳಬೇಡ. ಹಳೆಯದನ್ನು ತೊಗೊಂಡು ಇಬ್ಬರೂ ಸುಖವಾಗಿರಿ.

ರುಕ್ಮಿಣಿ

ಆಲ್ಮೆರೆ
೧೯ ಏಪ್ರಿಲ್ ೧೯೯೮

ರುಕ್ಕು,

ಇಷ್ಟೇನಾ! ಇದಕ್ಕೆ ಇಷ್ಟು ದಿನ ಪೇಪರು, ಮಂಡಿ ಅಂದೆಯಾ? ಪರಿಹಾರ ಇದೆ. ಗಾಡಿಯ ಬಾಗಿಲಿಗೆ ತಗುಲಿದ ಹಾಗೆ ಹೊರಗೆ ಒಂದು ಡೇರೆ ಕಟ್ಟುತ್ತಾರೆ, ಇಲ್ಲಿ ಎಲ್ಲರೂ ಕಟ್ಟುತ್ತಾರೆ. ಇವರು ಅಲ್ಲಿ ಮಲಗುತ್ತಾರೆ. ಒಳಗೆ ನಾನು ನೀನು ಇಬ್ಬರೇ. ಸ್ನಾನಕ್ಕೂ ಇವರು ಕ್ಯಾಂಪಿಂಗ್‌ನ ಸಾರ್ವಜನಿಕ ಬಚ್ಚಲಿಗೆ ಹೋಗುತ್ತಾರೆ. ಅದೂ ಸರಿಬರದಿದ್ದರೆ ನೀನು ಇರುವಷ್ಟು ದಿನ ಇವರು ಈ ಕಡೆ ಬರುವುದೇ ಇಲ್ಲ. ಆಫೀಸಿನವರ ಜೊತೆ ಎಲ್ಲಿಗೋ ಹೋಗುವುದಿದೆಯಂತೆ. ನಾನು ಕೇಳಿದೆ, ಖುಷಿಯಾಗಿ ಒಪ್ಪಿದರು. ನಿಜವಾಗಿ.

ಹತ್ತು ದಿನ ಆದರೂ ಬಾ. ಒಂದು ವಾರ ಆದರೂ. ಕೊರೀ ಕಾಯುತ್ತಿದ್ದಾಳೆ. ಈ ಕಾಗದ ಮುಟ್ಟಿದ ದಿನವೇ ಉತ್ತರ ಹಾಕು.

ಪದ್ದು

ಮೈಸೂರು
೫ ಮೇ ೧೯೯೮

ಶ್ರೀ ಅರವಿಂದ ಅವರಿಗೆ ರುಕ್ಮಿಣಿಯ ನಮಸ್ಕಾರಗಳು.

ನಾನು ನಿಮಗೆ ನೇರವಾಗಿ ಬರೆಯುತ್ತಿರುವುದು ಇದೇ ಮೊದಲು. ಪದ್ಮಿನಿಗೆ ಬರೆಯಲು ಈಗ ಮನಸ್ಸು ಬರುತ್ತಿಲ್ಲ, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ತಪ್ಪು ತಿಳಿಯಬಾರದು.

ನನ್ನ ಸಂಕೋಚದ ವಿಷಯ ಅವಳು ನಿಮಗೆ ಹೇಳಿದಳೆಂದು ತಿಳಿದು ನನಗೆ ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು. ನಿಮ್ಮನ್ನು ಹೊರಗೆ ಡೇರೆಯಲ್ಲಿ ಮಲಗಿಸಿ ನನ್ನನ್ನು ಒಳಗೆ ಕರೆಯುತ್ತಾಳಂತೆ. ಅಂಥ ಮಾತು ನನ್ನಿಂದಾಗಿ ನಿಮ್ಮ ಮನೆಯಲ್ಲಿ ಹುಟ್ಟಿತಲ್ಲ ಎಂದು ಬಹಳ ನೊಂದಿದ್ದೇನೆ. ನಾನು ಬರುವುದಿಲ್ಲ. ದಯವಿಟ್ಟು ಚಿಕ್ಕ ಗಾಡಿಯನ್ನೇ ಕೊಂಡು ನೀವಿಬ್ಬರೂ ಹೋಗಿ.

ಒಂದು ಮಾತು ಹೇಳುವ ಸ್ವಾತಂತ್ರ್ಯ ತೆಗೆದುಕೊಳ್ಳುತ್ತೇನೆ. ನಿಮಗೆ ಕೆಲಸದ ಒತ್ತಡ ಹೆಚ್ಚು ಅಂತ ಬರೆದಿದ್ದಳು. ಹತ್ತಿರ ಇರುವವರಿಗೆ ಕೆಲವು ಸಲ ಕಾಣುವುದಿಲ್ಲ, ದೂರದಿಂದ ನನಗೆ ಕಾಣುತ್ತಿದೆ. ಪದ್ಮಿನಿ ಒಂಟಿಯಾಗಿದ್ದಾಳೆ. ಬೀದಿ ಖಾಲಿಯಾಗುವುದನ್ನು ಬರೆಯುತ್ತಾಳೆ, ಅಂಗಡಿಯವರ ಮಂಚದ ಮೇಲೆ ಮಲಗಿ ಆಕಾಶ ನೋಡಿದ್ದನ್ನು ಬರೆಯುತ್ತಾಳೆ. ಅವಳಿಗೆ ಬೇಕಿರುವುದು ಗಾಡಿಯೂ ಅಲ್ಲ, ನಾನೂ ಅಲ್ಲ. ನೀವು ಸಂಜೆ ಸ್ವಲ್ಪ ಬೇಗ ಮನೆಗೆ ಬಂದರೆ ಸಾಕು.

ಈ ಕಾಗದದ ವಿಷಯ ಅವಳಿಗೆ ತಿಳಿಸಬೇಕಾಗಿಲ್ಲ.

ಇತಿ ನಮಸ್ಕಾರಗಳೊಂದಿಗೆ,
ರುಕ್ಮಿಣಿ

ಆಲ್ಮೆರೆ
೧೭ ಮೇ ೧೯೯೮

ರುಕ್ಕು,

ನೀನು ಅರವಿಂದ ಅವರಿಗೆ ಬರೆದ ಕಾಗದ ಬಂತು. ಒಡೆದು ಓದಿದೆ. ಇನ್ನೊಬ್ಬರ ಹೆಸರಿನ ಕಾಗದ ಒಡೆಯಬಾರದು, ಗೊತ್ತು. ಆದರೆ ಅವರಿಗೆ ಕೊಡಬೇಕಾದರೆ ಕಾಪೆಲ್ಲೆ ಅನ್ನುವ ಊರಿಗೆ ಅಂಚೆಯಲ್ಲಿ ಕಳಿಸಬೇಕಿತ್ತು.

ಅವರು ಈಗ ಇರುವುದು ಅಲ್ಲಿ. ತೊಂಬತ್ತಾರರ ನವೆಂಬರಿನಲ್ಲಿ ಹೋದರು. ಅವರ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವವಳ ಮನೆಗೆ. ಹೋದ ವರ್ಷ ವಿಚ್ಛೇದನವೂ ಆಯಿತು. ಗಲಾಟೆ ಏನೂ ಆಗಲಿಲ್ಲ. ಸೂಟ್‌ಕೇಸ್ ತುಂಬಿಕೊಂಡು, ಗೀಸರಿನ ರಿಪೇರಿಯವನ ನಂಬರ್ ಎಲ್ಲಿದೆ ಅಂತ ತೋರಿಸಿ ಹೋದರು. ಅವರು ಒಳ್ಳೆಯವರು ಅಂತ ನೀನು ಯಾವಾಗಲೂ ಅನ್ನುತ್ತಿದ್ದೆಯಲ್ಲ, ಬಿಟ್ಟುಹೋಗುವಾಗಲೂ ಒಳ್ಳೆಯವರ ಹಾಗೆಯೇ ಹೋದರು. ಅದಕ್ಕೇ ಬಯ್ಯಲೂ ಆಗಲಿಲ್ಲ.

ನಿನಗೆ ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಕೊನೆಯಲ್ಲಿ "ಅರವಿಂದರಿಗೆ ನಮಸ್ಕಾರ ತಿಳಿಸು" ಅಂತ ಇತ್ತು. ಅವರು ಇನ್ನೂ ನನ್ನ ಗಂಡನಾಗಿ ಉಳಿದಿದ್ದು ಆ ಒಂದು ಸಾಲಿನಲ್ಲಿ ಮಾತ್ರ. ಅದನ್ನೂ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ ರುಕ್ಕು. ಮೈಸೂರಿನಲ್ಲಿ ಯಾರಿಗೂ ಗೊತ್ತಿಲ್ಲ, ಅವರ ಕಡೆಯವರೆಲ್ಲ ಪುಣೆಯಲ್ಲಿದ್ದಾರೆ. ನಮ್ಮ ಬೀದಿಯವರಿಗೂ ನಾನು ಬಾಯಿಬಿಟ್ಟು ಹೇಳಿಲ್ಲ, ಕಾರು ಇಲ್ಲದ್ದನ್ನು ನೋಡಿ ಅವರಾಗಿಯೇ ತಿಳಿದುಕೊಂಡಿದ್ದಾರೆ. ಇಲ್ಲಿಯವರು ಏನೂ ಕೇಳುವುದಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನೀನು ಬಂದ ಮೇಲೆ ಹೇಳೋಣ ಅಂತಿದ್ದೆ. ಕ್ಯಾಂಪಿಂಗ್‌ನಲ್ಲಿ ಇಬ್ಬರೂ ಕೂತಾಗ, ನಿನ್ನ ಮುಖ ನೋಡಿಕೊಂಡು. ಅದಕ್ಕಾಗಿಯೇ ಈ ಗಾಡಿಯ ಸಂಭ್ರಮ. ಅವರು ಇದ್ದಾರೆ ಅಂದರೆ ನೀನು ಧೈರ್ಯವಾಗಿ ಬರುತ್ತೀಯ ಅಂದುಕೊಂಡೆ. ಅವರು ಇದ್ದಾರೆ ಅಂತಲೇ ನೀನು ಬರಲಿಲ್ಲ. ಇಲ್ಲದ ಮನುಷ್ಯನಿಗೆ ದೊಡ್ಡ ಮಂಚ ನೋಡಿದೆ, ಬಾಗಿಲು ನೋಡಿದೆ, ಕೊನೆಗೆ ಡೇರೆಯಲ್ಲಿ ಮಲಗಿಸಿದೆ.

ಸಂಜೆ ಬೇಗ ಮನೆಗೆ ಬನ್ನಿ ಅಂತ ನೀನು ಅವರಿಗೆ ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ನನ್ನ ಪರವಾಗಿ ಯಾರೂ ಅವರಿಗೆ ಅಷ್ಟೂ ಹೇಳಿರಲಿಲ್ಲ.

ಕೋಪ ಬಂದಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಪದ್ದು

ಮೈಸೂರು
೨೧ ಜೂನ್ ೧೯೯೮

ಪದ್ದು,

ಸುಮ್ಮನಿರಬೇಡ ಅಂದೆ, ಸುಮ್ಮನಿದ್ದೆ. ಕೋಪ ಬಂದಿತ್ತು. ಈಗಲೂ ಇದೆ, ಮೊದಲು ಅದನ್ನು ಬರೆದು ಮುಗಿಸುತ್ತೇನೆ.

ಮನೆಯಲ್ಲೇ ಇಲ್ಲದ ಗಂಡಸಿಗೆ ನನ್ನ ಕೈಯಲ್ಲಿ ಕಾಗದ ಬರೆಸಿದೆಯಲ್ಲೇ! ಮೂರು ಸಲ ಬರೆದು ಹರಿದೆ, ಎಲ್ಲಿ ಮರ್ಯಾದೆ ಕಡಿಮೆಯಾಯಿತೋ ಎಲ್ಲಿ ಹೆಚ್ಚಾಯಿತೋ ಅಂತ. ಅವರ ಸ್ನಾನದ ನೀರಿಗೆ ನಾನು ಇಲ್ಲಿ ಕೂತು ನಾಚಿಕೊಂಡೆ. ನೀನು ಓದಿಕೊಂಡು, ಇದಕ್ಕೆ ಪರಿಹಾರ ಇದೆ ಅಂತ ಬರೆದೆ. ನಾನು ನಿನಗೆ ಅಷ್ಟು ಹೊರಗಿನವಳಾ? ಎಂಟನೆಯ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವಳಿಗೆ ಹೇಳುವುದಕ್ಕೆ ನಿನಗೆ ಗಾಡಿ ಬೇಕಾಯಿತಾ?

ಆಯಿತು. ಮುಗಿಯಿತು.

ಆಮೇಲೆ ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಬೀದಿಯಲ್ಲಿ ನೀರು ಹಿಡಿದುಕೊಂಡು ಓಡಾಡಿದೆ ಅಂತ ಬರೆದಿದ್ದೆಯಲ್ಲ, ಆಗ ನಾನು ಅದನ್ನು ಓದಿ, ಮನೆಗೆ ಹೋದರೆ ಗಂಡ ಇರುತ್ತಾನಲ್ಲ, ಇವಳಿಗೇನು ಕಷ್ಟ ಅಂದುಕೊಂಡಿದ್ದೆ. ಸ್ವಲ್ಪ ಹೊಟ್ಟೆಯುರಿಯೂ ಇತ್ತು ಅಂತ ಇಟ್ಟುಕೊ. ಈಗ ಓದಿದರೆ ಆ ಬೀದಿಯ ತುಂಬ ನೀನೊಬ್ಬಳೇ ಕಾಣುತ್ತೀಯ. ಸಂಕಟವಾಗುತ್ತದೆ.

ಇನ್ನು ನನ್ನ ವಿಷಯ. ಬರದಿರಲು ನನಗಿದ್ದ ಕಾರಣವನ್ನು ನೀನು ಕಿತ್ತುಕೊಂಡೆ. ಇನ್ನೊಂದನ್ನು ಹುಡುಕಿದೆ, ಸಿಗಲಿಲ್ಲ. ಇಷ್ಟು ವರ್ಷ ಯಾರ ಮನೆಗೂ ಹೋಗದಿರಲು, ಯಾವ ಊರನ್ನೂ ನೋಡದಿರಲು ನನಗೆ ಅದೊಂದೇ ಸಾಕಾಗಿತ್ತು. ಅದಿಲ್ಲದಿದ್ದರೆ ಉಳಿಯುವುದು ಭಯ. ಒಬ್ಬಳೇ ವಿಮಾನ ಹತ್ತುವ ಭಯ. ಗಣಿತದ ಟೀಚರ್ ಅಂತ ಹುಡುಗಿಯರು ನನಗೆ ಹೆದರುತ್ತಾರೆ, ನಾನು ಎಲ್ಲದಕ್ಕೂ ಹೆದರುತ್ತೇನೆ.

ಪರದೆಯ ಗಾಡಿಯನ್ನೇ ತೊಗೊ. ಬೆಲೆಗೆ ಹೇಳುತ್ತಿಲ್ಲ. ನಮ್ಮಿಬ್ಬರ ನಡುವೆ ಬಾಗಿಲು ಯಾಕೆ? ಮೇಲೆ ನೀನು ಮಲಗು, ಕೆಳಗೆ ನಾನು. ನೀನು ಅತ್ತರೆ ನನಗೆ ಕೇಳಿಸಬೇಕು.

ಆದರೆ ಬರುತ್ತೇನೆ ಅಂತ ಬರೆಯುವ ಧೈರ್ಯ ಇನ್ನೂ ಬಂದಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ದಸರಾ ರಜ ಇದೆ, ಅದು ನಿಜ. ನಿನ್ನೆ ಊಟಕ್ಕೆ ಕೂತಾಗ ಅಣ್ಣನ ಕಿವಿಗೆ ವಿಷಯ ಹಾಕಿದೆ. ಅವನು ಕೂಡಲೇ, "ಹೋಗ್ಬಾ, ಅದಕ್ಕೇನಂತೆ. ಅರವಿಂದ ಇದ್ದಾರಲ್ಲ, ಏರ್‌ಪೋರ್ಟಿಗೆ ಬಂದು ಕರ್ಕೊಂಡು ಹೋಗ್ತಾರೆ. ಗಂಡು ದಿಕ್ಕಿರೋ ಮನೆ" ಅಂದ. ಅತ್ತಿಗೆಯೂ ಹೌದು ಹೌದು ಅಂದರು. ನೋಡಿದೆಯಾ? ಯಾರಿಗೋಸ್ಕರ ನಾನು ಬರುವುದಿಲ್ಲ ಅಂದೆನೋ ಅವರನ್ನು ನಂಬಿಯೇ ಇವರು ನನ್ನನ್ನು ಕಳಿಸಲು ತಯಾರು. ಅವರು ಇಲ್ಲ ಅಂದರೆ ಕಳಿಸುವುದಿಲ್ಲ. ನಾನು ತಲೆ ತಗ್ಗಿಸಿಕೊಂಡು ಮಜ್ಜಿಗೆ ಅನ್ನ ಕಲಸಿದೆ. ಒಂದು ಸುಳ್ಳು ಇಟ್ಟುಕೊಂಡರೆ ಬಂದುಬಿಡಬಹುದು. ನಿನ್ನ ಸುಳ್ಳನ್ನೇ ಬೈದು, ಅದನ್ನೇ ನಾನು ಬಳಸಲಾ? ಅಣ್ಣನಿಗೆ ಏನು ಹೇಳಲಿ ಪದ್ದು?

ರುಕ್ಮಿಣಿ

ಆಲ್ಮೆರೆ
೧೨ ಜುಲೈ ೧೯೯೮

ರುಕ್ಕು,

ಪರದೆಯ ಗಾಡಿ ತೊಗೊಂಡೆ. ಈ ಕಾಗದವನ್ನು ಅದರಲ್ಲಿ ಕೂತೇ ಬರೆಯುತ್ತಿದ್ದೇನೆ. ಕೊರೀಯ ಗಂಡ ಎಳೆದು ತಂದು ಕೆರೆಯ ದಡದಲ್ಲಿ, ಪೊಪ್ಲಾರ್ ಮರಗಳ ಸಾಲಿಗೆ ಬೆನ್ನು ಮಾಡಿ ನಿಲ್ಲಿಸಿಹೋದ. ಒಲೆ ಹೊತ್ತಿಕೊಳ್ಳುತ್ತದೆ, ನಲ್ಲಿ ಸ್ವಲ್ಪ ಸೋರುತ್ತದೆ. ಮಳೆ ಬಂದರೆ ಚಾವಣಿಯ ಮೇಲೆ ಎಷ್ಟು ಸದ್ದೆಂದರೆ ಮಾತಾಡಲು ಯಾರಾದರೂ ಇದ್ದಿದ್ದರೆ ಕೂಗಿಯೇ ಮಾತಾಡಬೇಕಾಗುತ್ತಿತ್ತು. ಮೇಲಿನ ಮಂಚ ಒಬ್ಬಳಿಗೆ ಬಹಳ ಅಗಲ. ಎರಡು ದಿನ ಅಲ್ಲಿ ಮಲಗಿ, ನಿನ್ನೆಯಿಂದ ಕೆಳಗೆ ನಿನ್ನ ಸೋಫಾದ ಮೇಲೆ ಮಲಗುತ್ತಿದ್ದೇನೆ. ನೀನು ಬಂದರೆ ಬಿಟ್ಟುಕೊಡುತ್ತೇನೆ.

ಅಕ್ಕಪಕ್ಕದವರೆಲ್ಲ ಜೋಡಿಯಾಗಿ ಬಂದಿದ್ದಾರೆ. ಬೆಳಿಗ್ಗೆ ಜೋಡಿಯಾಗಿ ಪಾತ್ರೆ ತೊಳೆಯಲು ಹೋಗುತ್ತಾರೆ, ಸಂಜೆ ಮಡಚುವ ಕುರ್ಚಿ ಹಾಕಿಕೊಂಡು ಜೋಡಿಯಾಗಿ ಸುಮ್ಮನೆ ಕೂರುತ್ತಾರೆ. ನನ್ನನ್ನು ಕಂಡರೆ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಅಲ್ಲಿಗೆ ದಿನದ ಮಾತು ಮುಗಿಯುತ್ತದೆ. ಖಾಲಿ ಬೀದಿಗಿಂತ ಇದು ವಾಸಿಯಾ ಅಂತ ಕೇಳಿದರೆ ಇನ್ನೂ ಗೊತ್ತಿಲ್ಲ.

ಅಣ್ಣನಿಗೆ ಏನು ಹೇಳಲಿ ಅಂತ ಕೇಳಿದ್ದೀಯ. ನನ್ನನ್ನು ಕೇಳಿದೆಯಲ್ಲ, ಒಳ್ಳೆಯವಳನ್ನೇ ಕೇಳಿದೆ! ಮೊದಲ ದಿನ ನಾನು ಏನು ಹೇಳಿದೆ ಅಂತ ಮಾತ್ರ ಬರೆಯುತ್ತೇನೆ.

ಇಲ್ಲಿಗೆ ಬಂದವರು ಕ್ಯಾಂಪಿಂಗ್‌ನ ಆಫೀಸಿನಲ್ಲಿ ಹೆಸರು ಬರೆಸಬೇಕು. ಅಲ್ಲಿ ಕೂತಿದ್ದ ಮುದುಕ, "ಎಷ್ಟು ಜನ?" ಅಂದ. ಇಬ್ಬರು ಅಂದೆ. "ಯಜಮಾನರು ಆಮೇಲೆ ಬರ್ತಾರಾ?" ಅಂದ. ಹೌದು, ಆಫೀಸಿನಲ್ಲಿ ಬಿಡುವಿಲ್ಲ ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಅಭ್ಯಾಸ ನೋಡು. ಆದರೆ ಹೇಳಲಿಲ್ಲ. "ಗಂಡ ಇಲ್ಲ, ಬಿಟ್ಟು ಹೋದರು. ನನ್ನ ಸ್ನೇಹಿತೆ ಬರ್ತಾಳೆ" ಅಂದೆ. ಯಾರ ಎದುರಿಗಾದರೂ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಡಚ್ಚಿನಲ್ಲಿ. ಆ ಮುದುಕ ತಲೆಯನ್ನೂ ಎತ್ತಲಿಲ್ಲ. "ಯಾವಾಗ ಬರ್ತಾರೆ?" ಅಂದ.

ಸೆಪ್ಟೆಂಬರಿನಲ್ಲಿ ಅಂದೆ. ಬರೆದುಕೊಂಡ.

ಎರಡು ವರ್ಷದಲ್ಲಿ ನಾನು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ ರುಕ್ಕು. ಇದೊಂದು ಸುಳ್ಳಾಗದ ಹಾಗೆ ನೋಡಿಕೋ.

ಪದ್ದು